ಫೋನಿನಿಂದ ಮೇಜಿಗೆ ಮರಳುವ ಜೂಜು

2025ರ ಆಗಸ್ಟ್ ತಿಂಗಳಲ್ಲಿ ನಮ್ಮ ದೇಶದ ಸಂಸತ್ತು ಆನ್‌ಲೈನ್ ಆಟಗಳಿಗೆ ಸಂಬಂಧಿಸಿದ ಒಂದು ಮಹತ್ವದ ಕಾನೂನನ್ನು ಅಂಗೀಕರಿಸಿತು. ಆಗಸ್ಟ್ 20ರಂದು ಲೋಕಸಭೆಯಲ್ಲಿ, ಮರುದಿನ ರಾಜ್ಯಸಭೆಯಲ್ಲಿ ಒಪ್ಪಿಗೆ ಪಡೆದ ಮಸೂದೆಗೆ 22ರಂದು ರಾಷ್ಟ್ರಪತಿಯವರ ಅಂಕಿತವೂ ದೊರೆಯಿತು. ಹಣ ಕಟ್ಟಿ, ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆನ್‌ಲೈನ್ ಆಟಗಳನ್ನು ಈ ಕಾನೂನು ಸಾರಾಸಗಟಾಗಿ ನಿಷೇಧಿಸುತ್ತದೆ. ಅಂತಹ ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಕೋಟಿ ರೂಪಾಯಿವರೆಗೆ ದಂಡ. ಅದರ ಜಾಹೀರಾತು ಮಾಡುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು 50 ಲಕ್ಷ ರೂಪಾಯಿವರೆಗೆ ದಂಡ. ಆಡಿ ಹಣ ಕಳೆದುಕೊಂಡವನನ್ನು ಮಾತ್ರ ಕಾನೂನು ಅಪರಾಧಿಯೆಂದು ಕಾಣುವುದಿಲ್ಲ. ಕಾನೂನು ಬಂದ ಕೆಲವೇ ದಿನಗಳಲ್ಲಿ ಪೋಕರ್, ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಮೊದಲಾದವುಗಳ ದೊಡ್ಡ ಕಂಪೆನಿಗಳು ಹಣದಾಟವನ್ನು ನಿಲ್ಲಿಸಿದವು. ಕೆಲವರು ಈ ಕಾನೂನನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು.

ಈ ಕಾನೂನನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆನ್‌ಲೈನ್ ಹಣದಾಟದಿಂದ ದೇಶದಲ್ಲಿ ಸುಮಾರು 45 ಕೋಟಿ ಜನರು ಬಾಧಿತರಾಗಿದ್ದಾರೆ ಮತ್ತು 20,000 ಕೋಟಿ ರೂಪಾಯಿಗೂ ಮಿಕ್ಕಿ ನಷ್ಟವಾಗಿದೆ ಎಂದು ಸರಕಾರವೇ ಅಂದಾಜಿಸಿದೆ. ಈ ಅಂಕಿಗಳ ಹಿಂದೆ ಅಡವಿಟ್ಟ ಚಿನ್ನವಿದೆ, ಕಟ್ಟದೆ ಉಳಿದ ಶಾಲೆಯ ಶುಲ್ಕವಿದೆ, ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ನಮ್ಮ ಮಹಲ್ಲಗಳ ಮನೆಗಳು ಇದರಿಂದ ಹೊರತಾಗಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲು ನಾವು ಹಿಂಜರಿಯುತ್ತೇವೆ, ಅಷ್ಟೆ.

ಆದರೆ ಸ್ವಾಗತದ ಜೊತೆಗೆ ಒಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕಾಗಿದೆ. ಫೋನಿನಲ್ಲಿ ಮುಚ್ಚಿದ ಈ ಆಟ ಎಲ್ಲಿಗೆ ಹೋಗುತ್ತದೆ? ವರ್ಷಗಳ ಕಾಲ ದಿನರಾತ್ರಿ ಪಣ ಕಟ್ಟಿ ಅಭ್ಯಾಸವಾದ ಮನಸ್ಸು ಒಂದು ಆ್ಯಪ್ ಕೆಲಸ ನಿಲ್ಲಿಸಿದೊಡನೆ ಶಾಂತವಾಗುತ್ತದೆಯೇ? ಅಥವಾ ಅದು ಪೂಲ್ ಟೇಬಲ್ ಬಳಿಗೆ, ಇಸ್ಪೀಟಿನ ಅಡ್ಡೆಗೆ, ಗೋವಾದ ಹಡಗಿಗೆ, ಊರಿನ ಕ್ರಿಕೆಟ್ ಮೈದಾನದ ಅಂಚಿಗೆ ಮರಳುತ್ತದೆಯೇ?

ಕಾನೂನಿನ ಪ್ರಶ್ನೆ ಮತ್ತು ಧರ್ಮದ ಪ್ರಶ್ನೆ

ಜೂಜಿನ ಕುರಿತು ನಮ್ಮ ದೇಶದ ಕಾನೂನು ಬಹುಕಾಲ ಒಂದೇ ಪ್ರಶ್ನೆಯನ್ನು ಕೇಳುತ್ತಾ ಬಂದಿದೆ: ಆಟದಲ್ಲಿ ಕೌಶಲ ಹೆಚ್ಚೋ, ಅದೃಷ್ಟ ಹೆಚ್ಚೋ? ಈ ಪ್ರಶ್ನೆಯ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಸ್ಥಾನವಿದೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆಯ ಬಹುಮಾನ ಸ್ಪರ್ಧೆಗಳ ಕುರಿತಾದ ವಿವಾದವೇ 1957ರಲ್ಲಿ ಸುಪ್ರೀಂ ಕೋರ್ಟಿನ ಪ್ರಸಿದ್ಧ ತೀರ್ಪಿಗೆ ಕಾರಣವಾಯಿತು. ಜೂಜು ವ್ಯಾಪಾರವೇ ಅಲ್ಲ, ಆದ್ದರಿಂದ ಅದಕ್ಕೆ ವ್ಯಾಪಾರದ ಸಾಂವಿಧಾನಿಕ ರಕ್ಷಣೆಯಿಲ್ಲ ಎಂದು ನ್ಯಾಯಾಲಯ ಹೇಳಿತು. ಅದೇ ಸಮಯದಲ್ಲಿ ಕೌಶಲವೇ ಪ್ರಧಾನವಾದ ಸ್ಪರ್ಧೆಗಳು ಬೇರೆ ಎಂಬ ವಿಂಗಡಣೆಯೂ ನೆಲೆಗೊಂಡಿತು. 1968ರಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಅದೇ ನ್ಯಾಯಾಲಯ ಅಭಿಪ್ರಾಯಪಟ್ಟಿತು. 1996ರಲ್ಲಿ ಕುದುರೆ ಜೂಜಿಗೂ ಕೌಶಲದ ಹೆಸರೇ ಆಸರೆಯಾಯಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜನ್ನು ನಿಷೇಧಿಸಿದಾಗ, 2022ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟು ಆ ನಿಷೇಧವನ್ನು ರದ್ದುಪಡಿಸಿದ್ದೂ ಇದೇ ವಿಂಗಡಣೆಯ ಬಲದಿಂದ.

2025ರ ಕಾನೂನು ಈ ಹಳೆಯ ಪ್ರಶ್ನೆಯನ್ನೇ ಬದಿಗಿಟ್ಟಿತು. ಆಟ ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡೂ ಬೆರೆತದ್ದಾಗಲಿ, ಹಣ ಪಣಕ್ಕಿಟ್ಟು ಹಣದ ನಿರೀಕ್ಷೆಯಲ್ಲಿ ಆಡಿದರೆ ಅದು ನಿಷಿದ್ಧ ಎಂದಿತು. ಇದನ್ನು ಓದಿದಾಗ ಇಸ್ಲಾಮೀ ಶರೀಅತ್ತಿನ ಪರಿಚಯವಿರುವವರಿಗೆ ಆಶ್ಚರ್ಯವಾಗದು. ಶರೀಅತ್ ಮೊದಲಿನಿಂದಲೂ ಕೇಳುತ್ತಾ ಬಂದಿರುವುದು ಪಣದ ಪ್ರಶ್ನೆಯನ್ನೇ. ನಿನ್ನ ಗೆಲುವು ಯಾರ ಜೇಬಿನಿಂದ ಬರುತ್ತಿದೆ? ಇಬ್ಬರೂ ಹಣವಿಟ್ಟು, ಒಬ್ಬನ ಲಾಭ ಇನ್ನೊಬ್ಬನ ನಷ್ಟದಿಂದಲೇ ಹುಟ್ಟುವಂತಿದ್ದರೆ ಅದು ‘ಕಿಮಾರ್’, ಅಂದರೆ ಜೂಜು. ಆಡುವವನ ಕೈಚಳಕ ಎಷ್ಟಿದ್ದರೂ ಅದರ ಹೆಸರು ಬದಲಾಗದು. ಕನ್ನಡಿಗರಿಗೆಲ್ಲ ತಿಳಿದಿರುವ ಮಹಾಭಾರತದ ಪಗಡೆಯಾಟದ ಕಥೆಯನ್ನೇ ನೋಡಿ: ಶಕುನಿ ಆಟದಲ್ಲಿ ನಿಪುಣನಾಗಿದ್ದ ಎಂಬ ಕಾರಣಕ್ಕೆ ಧರ್ಮರಾಯನ ಸರ್ವನಾಶವನ್ನು ಯಾರೂ ನ್ಯಾಯವೆಂದು ಒಪ್ಪಿಲ್ಲ.

ಆದರೆ ಈ ಹೊಸ ಕಾನೂನಿನ ವ್ಯಾಪ್ತಿ ಆನ್‌ಲೈನಿಗಷ್ಟೇ ಸೀಮಿತ. ಸಂವಿಧಾನದ ಪ್ರಕಾರ ಜೂಜು ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಹಾಗಾಗಿ ಮೇಜಿನ ಮೇಲೆ, ಮೈದಾನದಲ್ಲಿ, ಕ್ಲಬ್ಬಿನಲ್ಲಿ ನಡೆಯುವ ಆಟಕ್ಕೆ ಈಗಲೂ ಹಳೆಯ ಪ್ರಶ್ನೆಯೇ ಅನ್ವಯಿಸುತ್ತದೆ. ಫೋನಿನಲ್ಲಿ ಆಡಿಸಿದರೆ ಜೈಲಿಗೆ ಕಾರಣವಾಗುವ ಅದೇ ರಮ್ಮಿ, ನಾಲ್ಕು ಕುರ್ಚಿಗಳ ನಡುವಿನ ಮೇಜಿನ ಮೇಲೆ ಕೌಶಲದ ಆಟವೆನಿಸಿಕೊಳ್ಳಬಹುದು. ಜೂಜುಕೋರನ ಮನಸ್ಸು ಇಂತಹ ಕಂಡಿಯನ್ನು ಹುಡುಕುವುದರಲ್ಲಿ ಎಂದೂ ಹಿಂದೆ ಬಿದ್ದಿಲ್ಲ.

ಅಮೆರಿಕದ ಅನುಭವ ಹೇಳುವುದೇನು?

ಆನ್‌ಲೈನ್ ಪೋಕರಿನ ಮೇಲೆ ಕಡಿವಾಣ ಹಾಕಿದರೆ ನೇರ ಜೂಜಿಗೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಒಂದು ನಿದರ್ಶನವಿದೆ. ಅಲ್ಲಿ 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗನೊಬ್ಬ ಕೆಲವೇ ಡಾಲರುಗಳ ಆನ್‌ಲೈನ್ ಪಂದ್ಯದ ಮೂಲಕ ಪ್ರವೇಶ ಗಿಟ್ಟಿಸಿ, ಲಾಸ್ ವೇಗಾಸಿನ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಆ ಪಂದ್ಯದಲ್ಲಿ ಕುಳಿತವರು 839 ಮಂದಿ. ಮೂರೇ ವರ್ಷಗಳಲ್ಲಿ, ಅಂದರೆ 2006ರಲ್ಲಿ, ಆ ಸಂಖ್ಯೆ 8,773ಕ್ಕೆ ಏರಿತು. ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಕಲಿತವರೇ ದೊಡ್ಡ ಸಂಖ್ಯೆಯಲ್ಲಿ ನೇರ ಮೇಜಿಗೆ ಬಂದಿದ್ದರು. 2006ರ ಅಕ್ಟೋಬರಿನಲ್ಲಿ, ಅಕ್ರಮ ಆನ್‌ಲೈನ್ ಜೂಜಿಗೆ ಬ್ಯಾಂಕುಗಳು ಹಣ ಸಾಗಿಸದಂತೆ ತಡೆಯುವ ಕಾನೂನು ಬಂತು. ಮರುವರ್ಷ ಅದೇ ಪಂದ್ಯಕ್ಕೆ ಬಂದವರ ಸಂಖ್ಯೆ 6,358ಕ್ಕೆ ಇಳಿಯಿತು. 2011ರ ಏಪ್ರಿಲ್ 15ರಂದು ಅಲ್ಲಿನ ಸರಕಾರ ಮೂರು ದೊಡ್ಡ ಪೋಕರ್ ತಾಣಗಳ ಮೇಲೆ ಕ್ರಮ ಜರಗಿಸಿದಾಗ, ಅವುಗಳಲ್ಲೊಂದರ ಆಟಗಾರರ ಹಣ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು.

ಈ ಅಂಕಿಗಳಲ್ಲಿ ಎರಡು ಪಾಠಗಳಿವೆ. ‘ನಿಷೇಧಿಸಿದರೆ ಜೂಜು ಕತ್ತಲೆಗೆ ಹೋಗುತ್ತದೆ, ಪ್ರಯೋಜನವಿಲ್ಲ’ ಎಂದು ವಾದಿಸುವವರಿದ್ದಾರೆ. ಆ ಮಾತು ಅರ್ಧಸತ್ಯ. ಆನ್‌ಲೈನ್ ಜೂಜು ನೇರ ಜೂಜಿಗೆ ಹೊಸಬರನ್ನು ತಯಾರು ಮಾಡಿ ಕಳುಹಿಸುವ ಪಾಠಶಾಲೆಯಾಗಿತ್ತು. ಪಾಠಶಾಲೆಯ ಬಾಗಿಲು ಹಾಕಿದಾಗ ಹೊಸಬರ ಸಂಖ್ಯೆ ಕುಗ್ಗಿತು. ಇದು ಮೊದಲ ಪಾಠ. ಎರಡನೆಯದು, ಆಗಲೇ ಚಟಕ್ಕೆ ಬಿದ್ದವರು ಬಿಡಲಿಲ್ಲ. ಆ ಪಂದ್ಯ ನಿಲ್ಲಲಿಲ್ಲ. 2023ರಲ್ಲಿ ಅದು ಹತ್ತು ಸಾವಿರದ ಗಡಿಯನ್ನೂ ದಾಟಿತು. ಕಾನೂನು ಹೊಸ ಬಲಿಗಳನ್ನು ಕಡಿಮೆ ಮಾಡುತ್ತದೆ, ಹಳೆಯ ರೋಗಿಯನ್ನು ಗುಣಪಡಿಸುವುದಿಲ್ಲ.

ಪೂಲ್ ಆಟದ ಕಥೆಯೂ ಅದೇ ಕಾಲದ್ದು. 2005ರಲ್ಲಿ ಅಮೆರಿಕದಲ್ಲಿ ಅಂತಾರಾಷ್ಟ್ರೀಯ ಪೂಲ್ ಟೂರ್ ಎಂಬ ಪಂದ್ಯಾವಳಿ ಆರಂಭವಾಯಿತು. ಅದುವರೆಗೆ ಪೂಲ್ ಆಟಗಾರರು ಕಂಡಿರದಷ್ಟು ಬಹುಮಾನವನ್ನು ಅದು ಘೋಷಿಸಿತು. 2006ರ ಸೆಪ್ಟೆಂಬರಿನಲ್ಲಿ ರೀನೋ ನಗರದಲ್ಲಿ ಫಿಲಿಪ್ಪೀನ್ಸಿನ ಎಫ್ರೆನ್ ರೆಯೆಸ್ ಐದು ಲಕ್ಷ ಡಾಲರುಗಳ ಪ್ರಥಮ ಬಹುಮಾನ ಗೆದ್ದರು. ಆದರೆ ಗೆದ್ದವರಿಗೆ ಹಣ ಸಕಾಲದಲ್ಲಿ ಸಿಗಲಿಲ್ಲ. ಪಂದ್ಯಾವಳಿಯನ್ನು ಆನ್‌ಲೈನ್ ಜೂಜಿನ ಕಂಪೆನಿಯೊಂದಕ್ಕೆ ಮಾರುವ ಮಾತುಕತೆ ಮುರಿದುಬಿದ್ದಿತ್ತು. ಆ ಉದ್ಯಮದ ಮೇಲೆ ಬಿಗಿಯಾಗುತ್ತಿದ್ದ ಕಾನೂನಿನ ಹಿಡಿತ ಇಲ್ಲಿಯವರೆಗೂ ಚಾಚಿತ್ತು. ಜಗತ್ತಿನ ಅತ್ಯುತ್ತಮ ಆಟಗಾರರು ಬಡಪಾಯಿಗಳಂತೆ ಬಹುಮಾನಕ್ಕಾಗಿ ಕಾಯಬೇಕಾಯಿತು.

ಜೂಜಿನ ಹಣಕ್ಕೆ ಒರಗಿ ನಿಂತ ಕ್ರೀಡೆ ಆ ಹಣ ಸರಿದೊಡನೆ ವಾಲುತ್ತದೆ. ನಮ್ಮಲ್ಲೂ ಇದನ್ನು ಕಂಡೆವು. ಭಾರತದ ಕ್ರಿಕೆಟ್ ತಂಡದ ಅಂಗಿಯ ಮೇಲೆ ಡ್ರೀಮ್11 ಎಂಬ ಫ್ಯಾಂಟಸಿ ಕಂಪೆನಿಯ ಹೆಸರಿತ್ತು. 2025ರ ಕಾನೂನಿನ ಬಳಿಕ ಆ ಕಂಪೆನಿ ಹಿಂದೆ ಸರಿಯಿತು. ಸೆಪ್ಟೆಂಬರಿನ ಏಷ್ಯಾ ಕಪ್ಪಿನಲ್ಲಿ ತಂಡ ಪ್ರಾಯೋಜಕರ ಹೆಸರಿಲ್ಲದ ಅಂಗಿ ತೊಟ್ಟು ಆಡಿತು. ಅದಕ್ಕೂ ಮುಂಚಿನ ವರ್ಷಗಳಲ್ಲಿ ನಮ್ಮ ಮಕ್ಕಳು ಎದೆಯ ಮೇಲೆ ಯಾರ ಹೆಸರನ್ನು ಹೊತ್ತು ಓಡಾಡಿದ್ದರು ಎಂಬುದನ್ನು ನಾವು ಯೋಚಿಸಲೇ ಇಲ್ಲ.

ನಮ್ಮ ನೆಲದಲ್ಲಿ ಏನಾಗಬಹುದು?

ಕರ್ನಾಟಕಕ್ಕೆ ಅಮೆರಿಕದ ಉದಾಹರಣೆಯೇ ಬೇಕಾಗಿಲ್ಲ. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಷೇಧವಾಯಿತು. ಕೂಲಿ ಹಣವನ್ನೆಲ್ಲ ಲಾಟರಿ ಚೀಟಿಗೆ ಸುರಿಯುತ್ತಿದ್ದ ಮನೆಗಳು ಆಗ ನಿಟ್ಟುಸಿರು ಬಿಟ್ಟವು. ಆ ನಿಷೇಧ ಬಹಳಷ್ಟು ಒಳಿತನ್ನೇ ಮಾಡಿತು. ಆದರೂ 2015ರಲ್ಲಿ ಒಂದಂಕಿ ಲಾಟರಿಯ ಅಕ್ರಮ ಜಾಲ ಬಯಲಿಗೆ ಬಂದು ರಾಜ್ಯವೇ ಬೆಚ್ಚಿಬಿದ್ದಿತು. ಬಾಗಿಲು ಮುಚ್ಚಿದ ಮೇಲೂ ಎಂಟು ವರ್ಷ ಕಿಟಕಿಯಿಂದ ವ್ಯವಹಾರ ನಡೆದಿತ್ತು.

ಈಗಲೂ ಕಿಟಕಿಗಳು ಅನೇಕ. ವಿದೇಶಗಳಲ್ಲಿ ಕುಳಿತು ನಡೆಸುವ ತಾಣಗಳಿವೆ. ಮಟ್ಕಾ, ಅಂದರ್ ಬಾಹರ್, ಕೋಳಿ ಅಂಕದ ಬಾಜಿ, ಕ್ರಿಕೆಟ್ ಬೆಟ್ಟಿಂಗುಗಳಿಗೆ ಸಂಬಂಧಿಸಿದ ಪೊಲೀಸ್ ದಾಳಿಯ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದೇನಲ್ಲ. ಪಕ್ಕದ ಗೋವಾದಲ್ಲಿ ಮಾಂಡೋವಿ ನದಿಯ ಮೇಲೆ ತೇಲುವ ಕ್ಯಾಸಿನೊಗಳು ಅಲ್ಲಿನ ಕಾನೂನಿನ ಒಪ್ಪಿಗೆಯೊಂದಿಗೇ ನಡೆಯುತ್ತಿವೆ. ಸ್ವಾರಸ್ಯವೆಂದರೆ, 2020ರ ಫೆಬ್ರುವರಿಯಿಂದ ಗೋವಾ ಸರಕಾರ ತನ್ನ ರಾಜ್ಯದ ನಿವಾಸಿಗಳು ಆ ಕ್ಯಾಸಿನೊಗಳಲ್ಲಿ ಆಡದಂತೆ ನಿರ್ಬಂಧಿಸಿದೆ. ತನ್ನ ಮಕ್ಕಳಿಗೆ ಬೇಡವಾದ ವಿಷವನ್ನು ನೆರೆಯವರ ಮಕ್ಕಳಿಗೆ ಬಡಿಸುವ ಈ ನೀತಿಯ ಮುಂದೆ ಮೊದಲು ಸಿಗುವ ನೆರೆಯವರು ನಾವೇ. ವಾರಾಂತ್ಯದ ಪ್ರವಾಸವೆಂದು ಹೊರಟ ಯುವಕರು ಎಲ್ಲಿ ಇಳಿಯುತ್ತಾರೆಂದು ಕೇಳುವ ಹಕ್ಕು ಮನೆಯ ಹಿರಿಯರಿಗೆ ಇದೆ.

ಇವೆಲ್ಲ ಕಣ್ಣಿಗೆ ಕಾಣುವ ಕೇಡುಗಳು. ನಮಗೆ ಹೆಚ್ಚಿನ ಆತಂಕವಿರುವುದು ಕೇಡೆಂದು ಕಾಣದ ಒಂದು ಸ್ಥಳದ ಬಗ್ಗೆ. ಹಣದಾಟದ ಆ್ಯಪ್‌ಗಳಲ್ಲಿ ಇಸ್ಪೀಟಿನ ಜೊತೆಗೆ ಲೂಡೊ, ಕೇರಂ, ಪೂಲ್‌ಗಳೂ ಇದ್ದವು. ನಮ್ಮ ಹುಡುಗರಿಗೆ ಈ ಆಟಗಳಲ್ಲಿ ಹಣ ಕಟ್ಟುವ ರೂಢಿಯನ್ನು ಕಲಿಸಿದ್ದು ಆ ಫೋನೇ. ಈಗ ಫೋನಿನಲ್ಲಿ ಹಣ ಕಟ್ಟಲಾಗದು. ಆದರೆ ಮುಂದಿನ ಬೀದಿಯಲ್ಲಿ ನಿಜವಾದ ಪೂಲ್ ಟೇಬಲ್ ಇದೆ, ನಿಜವಾದ ಗೆಳೆಯರಿದ್ದಾರೆ, ಜೇಬಿನಲ್ಲಿ ಯುಪಿಐ ಇದೆ. ಆಟಕ್ಕೆ ಐವತ್ತೋ ನೂರೋ ಎಂದು ಮಾತಾಡಿಕೊಂಡರೆ ಕೇಳುವವರಾರು?

ಆಟ ಅಪರಾಧಿಯಲ್ಲ

ಇಲ್ಲಿ ನಾವು ಅತಿರೇಕಕ್ಕೆ ಹೋಗಬಾರದು. ಪೂಲ್, ಸ್ನೂಕರ್, ಬಿಲಿಯರ್ಡ್ಸ್ ಮೂಲತಃ ಏಕಾಗ್ರತೆ, ಲೆಕ್ಕಾಚಾರ ಮತ್ತು ಕೈಯ ಸ್ಥಿರತೆಯನ್ನು ಬೇಡುವ ಆಟಗಳು. ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಇದೇ ಮೇಜಿನ ಮೇಲೆ ಹತ್ತಾರು ವಿಶ್ವ ಪ್ರಶಸ್ತಿಗಳನ್ನು ಗೆದ್ದು ನಾಡಿಗೆ ಕೀರ್ತಿ ತಂದಿದ್ದಾರೆ. ಆಟವನ್ನೇ ಹರಾಮ್ ಎಂದು ಕೂಗಿ ಹುಡುಗರನ್ನು ಓಡಿಸಿದರೆ ಅವರು ಆಟವನ್ನೂ ಬಿಡುವುದಿಲ್ಲ, ನಮ್ಮ ಮಾತನ್ನೂ ಕೇಳುವುದಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಜೀವನ ಈ ವಿಷಯದಲ್ಲಿ ನಮಗೆ ಸಮತೋಲನವನ್ನು ಕಲಿಸುತ್ತದೆ. ಅವರು ಮದೀನಾದಲ್ಲಿ ಕುದುರೆ ಓಟದ ಸ್ಪರ್ಧೆಗಳನ್ನು ಏರ್ಪಡಿಸಿದ್ದರು. ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ ದೀರ್ಘ ಓಟ, ಉಳಿದವುಗಳಿಗೆ ಕಿರಿದಾದ ಓಟ ಎಂದು ನಿಗದಿಪಡಿಸಿದ್ದನ್ನೂ ಅದರಲ್ಲಿ ತಾವು ಸ್ಪರ್ಧಿಸಿದ್ದನ್ನೂ ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಪತ್ನಿ ಆಇಶಾ(ರ)ರೊಂದಿಗೆ ಪ್ರವಾದಿವರ್ಯರು(ಸ) ಓಟದ ಪಂದ್ಯ ನಡೆಸಿದ್ದುಂಟು. ಅಬಿಸೀನಿಯಾದವರು ಮಸೀದಿಯ ಅಂಗಳದಲ್ಲಿ ಈಟಿಗಳೊಂದಿಗೆ ಆಡುವುದನ್ನು ಅವರು ನೋಡಿದ್ದುಂಟು. ಒಂಟೆ, ಕುದುರೆ ಮತ್ತು ಬಾಣದ ಸ್ಪರ್ಧೆಗಳಿಗೆ ಬಹುಮಾನವನ್ನೂ ಅವರು ಅನುಮತಿಸಿದರು. ಹಾಗಾಗಿ ಆಟ, ಸ್ಪರ್ಧೆ, ಗೆಲುವಿನ ಸಂತೋಷ ಇವು ಯಾವುವೂ ಇಸ್ಲಾಮಿಗೆ ಅಪರಿಚಿತವಲ್ಲ. ಅದು ಬಾಗಿಲು ಹಾಕಿದ್ದು ಪಣಕ್ಕೆ.

ಪೂಲ್ ಆಟದ ಹೆಸರಲ್ಲೇ ಈ ಎಚ್ಚರಿಕೆ ಅಡಗಿದೆ. ‘ಪೂಲ್’ ಎಂದರೆ ಆಟಗಾರರೆಲ್ಲ ಸೇರಿ ಕೂಡಿಸಿಟ್ಟ ಪಣದ ಹಣ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕುದುರೆ ಜೂಜಿಗೆ ಹಣ ಕೂಡಿಸುತ್ತಿದ್ದ ಕೋಣೆಗಳನ್ನು ಪೂಲ್ ರೂಮ್ ಎಂದು ಕರೆಯುತ್ತಿದ್ದರು. ಓಟಗಳ ನಡುವಿನ ಹೊತ್ತು ಕಳೆಯಲೆಂದು ಅಲ್ಲಿ ಬಿಲಿಯರ್ಡ್ಸ್ ಮೇಜುಗಳನ್ನಿಟ್ಟರು. ಕ್ರಮೇಣ ಜೂಜಿನ ಹೆಸರು ಆಟಕ್ಕೇ ಅಂಟಿಕೊಂಡಿತು. ಆಟ ತಾನಾಗಿ ಕೆಟ್ಟದ್ದಾಗಿರಲಿಲ್ಲ. ಪಣದ ಕೋಣೆಯಲ್ಲಿ ಇದ್ದುದರಿಂದ ಅದಕ್ಕೆ ಆ ಹೆಸರು ಬಂತು. ಸಹವಾಸದಿಂದ ಹೆಸರು ಕೆಡುವುದು ಮನುಷ್ಯರಿಗೆ ಮಾತ್ರವಲ್ಲ.

ಒಂಟೆಯ ಮಾಂಸ ಮತ್ತು ಬಡವರ ಪಾಲು

ಪವಿತ್ರ ಕುರ್‌ಆನ್ ಜೂಜನ್ನು ‘ಮೈಸಿರ್’ ಎಂದು ಕರೆಯುತ್ತದೆ. ಸುಲಭ ಎಂಬರ್ಥದ ಧಾತುವಿನಿಂದ ಬಂದ ಪದವೆಂದು ಇದನ್ನು ವಿವರಿಸಲಾಗಿದೆ: ಬೆವರಿಲ್ಲದೆ ಸಿಗುವ ಸಂಪತ್ತು. ಅಜ್ಞಾನ ಕಾಲದ ಅರಬರು ಒಂಟೆಯೊಂದನ್ನು ಕೊಯ್ದು ಪಾಲು ಮಾಡಿ, ಹತ್ತು ಬಾಣಗಳನ್ನು ಚೀಲದಲ್ಲಿಟ್ಟು ಎತ್ತುತ್ತಿದ್ದರು. ಏಳು ಬಾಣಗಳಿಗೆ ಪಾಲಿತ್ತು, ಮೂರು ಬರಿದಾಗಿದ್ದವು. ಬರಿದಾದ ಬಾಣ ಬಂದವರು ಒಂಟೆಯ ಬೆಲೆ ತೆರಬೇಕಿತ್ತು. ಗೆದ್ದವರು ಅನೇಕ ವೇಳೆ ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚಿ, ಅದನ್ನು ಔದಾರ್ಯವೆಂದು ಹೆಮ್ಮೆಪಡುತ್ತಿದ್ದರು. ಬರಗಾಲದಲ್ಲಿ ಹಸಿದವರ ಹೊಟ್ಟೆ ತುಂಬುತ್ತಿತ್ತು.

ಸೂರಾ ಅಲ್ ಬಕರಾದ 219ನೆಯ ವಚನದಲ್ಲಿ ಅಲ್ಲಾಹನು ಈ ಪ್ರಯೋಜನವನ್ನು ನಿರಾಕರಿಸಲಿಲ್ಲ. ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಲಾಭಗಳಿವೆಯೆಂದು ಒಪ್ಪಿಕೊಂಡೇ, ಅವುಗಳ ಪಾಪ ಆ ಲಾಭಕ್ಕಿಂತ ದೊಡ್ಡದೆಂದು ತಿಳಿಸಿದನು. ನಂತರ ಸೂರಾ ಅಲ್ ಮಾಇದಾದ 90 ಮತ್ತು 91ನೆಯ ವಚನಗಳಲ್ಲಿ ಅದನ್ನು ಸಂಪೂರ್ಣವಾಗಿ ತೊರೆಯುವಂತೆ ಆಜ್ಞಾಪಿಸಿದನು. ಕಾರಣಗಳನ್ನೂ ವಿವರಿಸಿದನು: ಶೈತಾನನು ಇವುಗಳ ಮೂಲಕ ಜನರ ನಡುವೆ ಹಗೆ ಹುಟ್ಟಿಸುತ್ತಾನೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ಅವರನ್ನು ತಡೆಯುತ್ತಾನೆ.

ಇಂದಿನ ವಾದಗಳನ್ನು ಇದರೊಂದಿಗೆ ಹೋಲಿಸಿ ನೋಡಿ. ಈ ಉದ್ಯಮದಿಂದ ಉದ್ಯೋಗ ಸಿಗುತ್ತದೆ, ಸರಕಾರಕ್ಕೆ ತೆರಿಗೆ ಬರುತ್ತದೆ, ಕ್ರೀಡೆಗೆ ಪ್ರಾಯೋಜಕರು ಸಿಗುತ್ತಾರೆ ಎನ್ನುತ್ತಾರೆ. ಕ್ಯಾಸಿನೊ ಮತ್ತು ಬೆಟ್ಟಿಂಗಿನ ಮೇಲೆ 2025ರ ಸೆಪ್ಟೆಂಬರಿನಿಂದ ಶೇಕಡಾ 40ರಷ್ಟು ಜಿಎಸ್‌ಟಿ ಇದೆ. ಆದಾಯ ಬರುವುದು ನಿಜವೇ. ಆದರೆ ಅದು ಒಂಟೆಯ ಮಾಂಸದ ವಾದದ ಹೊಸ ರೂಪವಷ್ಟೆ. ಬಡವನಿಗೆ ಒಂದು ತುಂಡು ಮಾಂಸ ಸಿಕ್ಕಿತೆಂಬ ಕಾರಣಕ್ಕೆ, ಒಂಟೆಯ ಬೆಲೆ ತೆತ್ತು ಬರಿಗೈಯಲ್ಲಿ ಮನೆಗೆ ಹೋದವನ ಹೆಂಡತಿ ಮಕ್ಕಳನ್ನು ಅಲ್ಲಾಹನು ಮರೆಯಲಿಲ್ಲ.

‘ಇಬ್ಬರೂ ಒಪ್ಪಿಯೇ ಆಡುತ್ತಾರಲ್ಲ?’ ಎಂದು ಕೇಳುವವರಿದ್ದಾರೆ. ವ್ಯಾಪಾರದಲ್ಲಿಯೂ ಒಪ್ಪಿಗೆಯಿದೆ. ಆದರೆ ಅಲ್ಲಿ ಕೊಟ್ಟವನಿಗೆ ಬೆಲೆ ಸಿಗುತ್ತದೆ, ಕೊಂಡವನಿಗೆ ವಸ್ತು ಸಿಗುತ್ತದೆ; ಇಬ್ಬರೂ ತೃಪ್ತರಾಗಿ ಬೇರೆಯಾಗಬಹುದು. ಜೂಜಿನಲ್ಲಿ ಪ್ರತಿಯೊಬ್ಬನೂ ಎದುರಿನವನು ಸೋಲಲೆಂದೇ ಹಾರೈಸುತ್ತಾನೆ. ಗೆಳೆಯನ ನಷ್ಟವನ್ನು ಬಯಸುವ ಒಪ್ಪಿಗೆ ಎಂತಹ ಒಪ್ಪಿಗೆ?

‘ಸೋತವನು ಟೇಬಲ್ ಹಣ ಕೊಡಲಿ’

ಈಗ ಪೂಲ್ ಟೇಬಲ್ಲಿಗೇ ಬರೋಣ. ಗಂಟೆಗಿಷ್ಟು ಎಂದು ಬಾಡಿಗೆ ನಿಗದಿಯಾಗಿರುತ್ತದೆ. ಇಬ್ಬರು ಗೆಳೆಯರು ಆಡುತ್ತಾರೆ. ಸೋತವನೇ ಪೂರ್ತಿ ಬಾಡಿಗೆ ಕೊಡಬೇಕೆಂದು ಮೊದಲೇ ಮಾತಾಗುತ್ತದೆ. ಟರ್ಫ್ ಮೈದಾನದಲ್ಲೂ ಇದೇ ರೂಢಿ: ಸೋತ ತಂಡವೇ ಮೈದಾನದ ಹಣ ಕಟ್ಟಬೇಕು. ಒಳ್ಳೆಯ ಮನೆತನದ, ಐದು ಹೊತ್ತು ನಮಾಝ್ ಮಾಡುವ ಹುಡುಗರೂ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮೊತ್ತ ಸಣ್ಣದು, ಗೆದ್ದವನ ಕೈಗೆ ಹಣ ಬರುವುದಿಲ್ಲ, ನಗುತ್ತಲೇ ಕೊಡುತ್ತಾರೆ.

ಆದರೆ ವಿದ್ವಾಂಸರು ಇದನ್ನು ಪಣವೆಂದೇ ಪರಿಗಣಿಸಿದ್ದಾರೆ. ಕಾರಣ ಸರಳ. ಬಾಡಿಗೆ ಇಬ್ಬರ ಮೇಲೂ ಇದ್ದ ಹೊಣೆ. ಗೆದ್ದವನು ತಾನು ಕೊಡಬೇಕಿದ್ದ ಅರ್ಧವನ್ನು ಉಳಿಸಿಕೊಂಡ. ಸೋತವನು ಅದನ್ನೂ ತೆತ್ತ. ಒಬ್ಬನ ಲಾಭ ಇನ್ನೊಬ್ಬನ ಸೋಲಿನಿಂದ ಹುಟ್ಟಿತು. ಪರಿಹಾರವೂ ಅಷ್ಟೇ ಸರಳ: ಬಾಡಿಗೆಯನ್ನು ಸಮನಾಗಿ ಹಂಚಿಕೊಳ್ಳಿ, ಇಲ್ಲವೇ ಸೋಲು ಗೆಲುವಿಗೆ ಸಂಬಂಧವಿಲ್ಲದಂತೆ ಒಬ್ಬನು ಗೆಳೆಯರಿಗೆ ಆತಿಥ್ಯವಾಗಿ ಕೊಡಲಿ. ಆಟದ ಸಂತೋಷ ಒಂದಿಷ್ಟೂ ಕಡಿಮೆಯಾಗದು.

ನಮ್ಮ ಊರುಗಳಲ್ಲಿ ನಡೆಯುವ ಅಂಡರ್‌ಆರ್ಮ್ ಕ್ರಿಕೆಟ್, ವಾಲಿಬಾಲ್ ಪಂದ್ಯಾಟಗಳಿಗೂ ಇದೇ ಮಾನದಂಡ ಅನ್ವಯಿಸುತ್ತದೆ. ತಂಡಗಳಿಂದ ಪ್ರವೇಶ ಶುಲ್ಕ ಸಂಗ್ರಹಿಸಿ ಅದೇ ಹಣವನ್ನು ಬಹುಮಾನವಾಗಿ ಕೊಟ್ಟರೆ ಅದು ಪಣದ ರೂಪವಾಗುತ್ತದೆ ಎಂಬುದು ಬಹುತೇಕ ವಿದ್ವಾಂಸರ ನಿಲುವು. ಬಹುಮಾನವನ್ನು ಆಡದಿರುವ ದಾನಿಯೊಬ್ಬರು ನೀಡಿ, ಶುಲ್ಕವನ್ನು ಮೈದಾನ, ಚೆಂಡು, ಊಟದ ಖರ್ಚಿಗೆ ಬಳಸಿದರೆ ಆ ಆಕ್ಷೇಪವಿರುವುದಿಲ್ಲ. ಪಂದ್ಯಾಟ ಏರ್ಪಡಿಸುವ ನಮ್ಮ ಯುವಕ ಸಂಘಗಳು ಸ್ಥಳೀಯ ಉಸ್ತಾದರನ್ನು ಕೇಳಿ ಇಷ್ಟನ್ನು ಸರಿಪಡಿಸಿಕೊಂಡರೆ ಅದೇ ದೊಡ್ಡ ಸುಧಾರಣೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಮಾತೇಕೆ ಎಂದು ಕೇಳಬಹುದು. ಗೆಳೆಯನನ್ನು ಜೂಜಿಗೆ ಕರೆದವನು ಬರೀ ಆ ಕರೆಗೆ ಪ್ರಾಯಶ್ಚಿತ್ತವಾಗಿ ದಾನ ಮಾಡಬೇಕೆಂದು ಪ್ರವಾದಿ(ಸ) ಕಲಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಆಡಿದ್ದಕ್ಕಲ್ಲ, ಕರೆದದ್ದಕ್ಕೆ! ಸಾಲದ ಸುಳಿಯಲ್ಲಿ ಸಿಲುಕುವವನು ಮೊದಲ ದಿನವೇ ಲಕ್ಷ ರೂಪಾಯಿ ಕಟ್ಟುವುದಿಲ್ಲ. ಸೋತವನು ಕೊಡಬೇಕು ಎಂಬ ನಿಯಮ ಹದಿನಾರರ ವಯಸ್ಸಿನಲ್ಲಿ ಸಹಜವೆನಿಸಿದರೆ, ಇಪ್ಪತ್ತಾರರಲ್ಲಿ ಅದರ ಮೊತ್ತ ಮಾತ್ರ ಬೆಳೆದಿರುತ್ತದೆ.

ಮನೆ ಮತ್ತು ಜಮಾಅತ್ ಮಾಡಬೇಕಾದುದು

ಕಾನೂನು ಆಡಿದವನನ್ನು ಬಲಿಪಶುವೆಂದು ಕಂಡಿದೆ. ನಮ್ಮ ಮನೆಗಳೂ ಅಷ್ಟು ಕರುಣೆ ತೋರಬೇಕು. ಜೂಜಿನ ಚಟ ಒಂದು ಕಾಯಿಲೆಯೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಅದಕ್ಕೆ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆ ಚಿಕಿತ್ಸೆ ನೀಡುವ ಪ್ರತ್ಯೇಕ ಕ್ಲಿನಿಕ್ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಮಗನ ಚಟವನ್ನು ಮುಚ್ಚಿಡುವುದು ಮಾನ ಉಳಿಸುವ ದಾರಿಯಲ್ಲ. ದುಆ ಮತ್ತು ಚಿಕಿತ್ಸೆ ಪರಸ್ಪರ ವಿರೋಧಿಗಳಲ್ಲ.

ಸಾಲದ ವಿಷಯದಲ್ಲಿ ಎರಡು ಮಾತುಗಳನ್ನು ಎಲ್ಲರೂ ತಿಳಿದಿರಬೇಕು. ಜೂಜಿನಲ್ಲಿ ಸೋತ ಪಣವನ್ನು ವಸೂಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಶರೀಅತ್ ಅದನ್ನು ಒಪ್ಪುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಸೆಕ್ಷನ್ ಕೂಡ ಬಾಜಿಯ ಕರಾರನ್ನು ಅಸಿಂಧುವೆಂದು ಹೇಳುತ್ತದೆ. ಆದ್ದರಿಂದ ಬೆದರಿಕೆಗೆ ಹೆದರಿ ತಾಯಿಯ ಬಳೆ ಮಾರುವ ಮೊದಲು ಹಿರಿಯರಿಗೂ ವಕೀಲರಿಗೂ ತಿಳಿಸಬೇಕು. ಆದರೆ ಜೂಜಿಗೆಂದು ನೆಂಟರಿಷ್ಟರಿಂದ ಪಡೆದ ಸಾಲ ಬೇರೆ; ಅದು ಕೊಟ್ಟವರ ಹಕ್ಕು, ತೀರಿಸಲೇಬೇಕು. ಮೂರು ದೀನಾರ್ ಸಾಲ ಉಳಿಸಿ ಮೃತನಾದವನ ಜನಾಝಾ ನಮಾಝಿಗೆ ಪ್ರವಾದಿ(ಸ) ಹಿಂದೇಟು ಹಾಕಿದಾಗ, ಅಬೂ ಕತಾದಾ(ರ) ಆ ಸಾಲದ ಹೊಣೆಯನ್ನು ತಾವು ಹೊತ್ತರು. ಆ ಬಳಿಕವೇ ನಮಾಝ್ ನೆರವೇರಿತು. ಸಾಲದ ಗಾಂಭೀರ್ಯವೂ, ಸಾಲಗಾರನಿಗೆ ಹೆಗಲು ಕೊಡುವ ಸಮುದಾಯದ ಹೊಣೆಯೂ ಆ ಒಂದೇ ಘಟನೆಯಲ್ಲಿ ಇವೆ.

ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಇದ್ದಾರೆ. ಪ್ರಾಮಾಣಿಕವಾಗಿ ತೌಬಾ ಮಾಡಿ, ಆಟವನ್ನು ಸಂಪೂರ್ಣವಾಗಿ ಬಿಟ್ಟವನ ಕುಟುಂಬಕ್ಕೆ ನೆರವಾಗುವ ಬಗ್ಗೆ ಜಮಾಅತ್‌ಗಳು ಉಲಮಾಗಳೊಂದಿಗೆ ಸಮಾಲೋಚಿಸಬೇಕು. ಬಡ್ಡಿರಹಿತ ಸಾಲನಿಧಿಗಳಿರುವ ಮಹಲ್ಲಗಳಲ್ಲಿ ಹಣವನ್ನು ಅವನ ಕೈಗೆ ಕೊಡದೆ ನೇರವಾಗಿ ಸಾಲ ಕೊಟ್ಟವರಿಗೆ ತಲುಪಿಸುವ ಎಚ್ಚರ ಒಳ್ಳೆಯದು. ಜೂಜಿನಲ್ಲಿ ಗೆದ್ದ ಹಣ ಇನ್ನೂ ಕೈಯಲ್ಲಿದ್ದರೆ, ಯಾರದೆಂದು ತಿಳಿದಿದ್ದಲ್ಲಿ ಅವರಿಗೇ ಮರಳಿಸಬೇಕು. ತಿಳಿಯದಿದ್ದಲ್ಲಿ ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟು ಕೈತೊಳೆದುಕೊಳ್ಳಬೇಕೆಂದು ವಿದ್ವಾಂಸರು ಹೇಳಿದ್ದಾರೆ.

ಕೊನೆಯದಾಗಿ, ಜುಮಾ ಖುತ್ಬಾಗಳಲ್ಲಿ ಜೂಜು ಹರಾಮ್ ಎಂದಷ್ಟೇ ಹೇಳಿದರೆ ಸಾಲದು. ಹುಡುಗರಿಗೆ ಅದು ತಿಳಿದಿದೆ. ತಾವು ಮಾಡುತ್ತಿರುವುದು ಜೂಜೆಂದು ತಿಳಿದಿಲ್ಲ. ಟೇಬಲ್ ಬಾಡಿಗೆ, ಟರ್ಫ್ ಹಣ, ಐಪಿಎಲ್ ದಿನದ ಸಣ್ಣ ಬಾಜಿ ಇವುಗಳನ್ನು ಹೆಸರಿಸಿ ವಿವರಿಸಬೇಕು. ಅದರೊಂದಿಗೆ ಪಣವಿಲ್ಲದೆ ಆಡುವ ತಾಣಗಳನ್ನೂ ನಾವು ಒದಗಿಸಬೇಕು. ಮದ್ರಸದ ಅಂಗಳದಲ್ಲಿ ವಾಲಿಬಾಲ್ ಬಲೆ ಕಟ್ಟುವುದಕ್ಕೂ, ಸಮುದಾಯ ಭವನದಲ್ಲಿ ಕೇರಂ ಬೋರ್ಡ್ ಇಡುವುದಕ್ಕೂ ದೊಡ್ಡ ಬಂಡವಾ­ಳ ಬೇಕಿಲ್ಲ. ನಮಾಝಿನ ಹೊತ್ತಿಗೆ ಆಟ ನಿಲ್ಲಬೇಕು, ಸೋತವನು ಮನೆಗೆ ಹಗುರಾಗಿ ಮರಳಬೇಕು. ಇಷ್ಟೇ ನಿಯಮ ಸಾಕು.

ಸರಕಾರ ಫೋನಿನ ಬಾಗಿಲನ್ನು ಮುಚ್ಚಿದೆ. ಉಳಿದ ಬಾಗಿಲುಗಳ ಕೀಲಿಕೈ ತಂದೆತಾಯಿಯರ, ಗೆಳೆಯರ, ಜಮಾಅತ್‌ಗಳ ಕೈಯಲ್ಲಿದೆ. ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿರಿಸಲಿ, ನಮ್ಮ ಮಕ್ಕಳನ್ನು ಪಣದ ಆಕರ್ಷಣೆಯಿಂದ ಕಾಪಾಡಲಿ, ಸಾಲದ ಭಾರದಲ್ಲಿ ಬಳಲುವವರಿಗೆ ಬಿಡುಗಡೆಯ ದಾರಿಯನ್ನು ತೋರಲಿ. ಆಮೀನ್.